ಸಭೆ ತುಂಬಿದೆ, ಬಂದವರು ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಕುರ್ಚಿ ಸಾಲುವುದಿಲ್ಲ. ವಾರವಿಡೀ ಕಾರ್ಯಕ್ರಮಗಳಿವೆ. ಆದರೂ ಹೊಸದಾಗಿ ಸೇರಿದವರು ವರ್ಷ ತುಂಬುವುದರೊಳಗೆ ಕಾಣೆಯಾಗುತ್ತಾರೆ. ಕ್ರಿಸ್ತನ ಸಂದೇಶ ಸಾರುವ ಇನ್ನೊಂದು ಸುವಾರ್ತಾ ಕೂಟ ಇಡೋಣ ಎನ್ನುತ್ತಾರೆ ಹಿರಿಯರು. ಸಭೆಯ ನಿಜವಾದ ಕೆಲಸವೇನು? ಮನೆಯಲ್ಲೇ ನೇರಪ್ರಸಾರ ನೋಡಿದರೆ ಸಾಲದೇ?

ಉತ್ತರ: ಸದ್ಯಕ್ಕೆ ಇನ್ನೊಂದು ಕೂಟ ಬೇಡ. ಈಗಿರುವವರೇ ನಿಲ್ಲದ ಕಡೆ ಮತ್ತಷ್ಟು ಜನರನ್ನು ಕರೆದರೆ ಅವರೂ ಅದೇ ಬಾಗಿಲಿನಿಂದ ಹೊರಟುಹೋಗುತ್ತಾರೆ.

ಹೊಸ ಒಡಂಬಡಿಕೆಯಲ್ಲಿ ಸಭೆಗೆ ಬಳಸಿದ ಗ್ರೀಕ್ ಪದ ‘ಎಕ್ಲೇಸಿಯ’. ಅದರ ಅರ್ಥ ಕಟ್ಟಡವಲ್ಲ, ಕೂಡಿಬಂದ ಜನ. ಆ ಜನರನ್ನು ಕಳುಹಿಸುವವನು ದೇವರು. ಸುವಾರ್ತಾ ಸೇವೆ ಸಭೆಯ ಒಂದು ವಿಭಾಗವಲ್ಲ, ಅದರ ಸ್ವಭಾವ. 1952ರಲ್ಲಿ ಜರ್ಮನಿಯ ವಿಲ್ಲಿಂಗನ್‌ನಲ್ಲಿ ನಡೆದ ಸುವಾರ್ತಾ ಸೇವೆಯ ಅಂತರರಾಷ್ಟ್ರೀಯ ಸಮ್ಮೇಳನದ ನಂತರ ಪ್ರಾಟೆಸ್ಟೆಂಟರಲ್ಲಿ ಈ ತಿಳಿವಳಿಕೆ ಬಲಗೊಂಡಿತು. 1965ರಲ್ಲಿ ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆಯೂ ಇದನ್ನೇ ಹೇಳಿತು.

ಮತ್ತಾಯ 28:19-20ರ ಮೂಲದಲ್ಲಿ ಆಜ್ಞಾರೂಪದ ಮುಖ್ಯ ಕ್ರಿಯಾಪದ ಒಂದೇ: ಶಿಷ್ಯರನ್ನಾಗಿ ಮಾಡಿರಿ. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಉಪದೇಶಿಸುವುದು ಮೂರೂ ಅದಕ್ಕೆ ಹೊಂದಿಕೊಂಡ ಕೃದಂತಗಳು. ಬಹಳಷ್ಟು ಸಭೆಗಳು ದೀಕ್ಷಾಸ್ನಾನದ ಫೋಟೊ ತೆಗೆದಲ್ಲಿಗೆ ನಿಂತುಬಿಡುತ್ತವೆ. ಕಲಿಸುವ ಕೆಲಸಕ್ಕೆ ವರ್ಷಗಳು ಬೇಕು, ಅಲ್ಲಿ ಚಪ್ಪಾಳೆಯೂ ಇಲ್ಲ. ನಿಮ್ಮಲ್ಲಿ ಸೋರುತ್ತಿರುವುದೂ ಬಹುಶಃ ಅಲ್ಲೇ.

ಕಳೆದ ತಿಂಗಳ ಕಾರ್ಯಕ್ರಮಗಳ ಪಟ್ಟಿ ತೆಗೆಯಿರಿ. ಅಪೊಸ್ತಲರ ಕೃತ್ಯಗಳು 2:42ರಲ್ಲಿ ಆದಿಸಭೆಯ ನಾಲ್ಕು ಕೆಲಸಗಳಿವೆ: ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಪ್ರತಿ ಕಾರ್ಯಕ್ರಮದ ಮುಂದೆ ಅದು ಇವುಗಳಲ್ಲಿ ಯಾವುದು ಎಂದು ಬರೆಯಿರಿ. ಹೊರಗಿನವರ ಸೇವೆಗೆ ಇನ್ನೊಂದು ಗುರುತು ಹಾಕಿ. ವೇದಿಕೆಯಿಂದ ನಡೆಯುವುದೇ ಹೆಚ್ಚಿದ್ದು, ಅನ್ಯೋನ್ಯತೆಯ ಮುಂದೆ ಆರಾಧನೆಯ ನಂತರದ ಚಹಾ ಮಾತ್ರ ಉಳಿದರೆ ಕಾರಣ ಸಿಕ್ಕಿತು.

ಆಮೇಲೆ ಅದೇ ಪುಸ್ತಕದ 6ನೇ ಅಧ್ಯಾಯ ಓದಿ. ದಿನದಿನದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿತ್ತು. ಅಪೊಸ್ತಲರು ದೂರು ಕೊಟ್ಟವರ ಬಾಯಿ ಮುಚ್ಚಿಸಲಿಲ್ಲ, ಏಳು ಜನರನ್ನು ಆರಿಸಲು ಸಭೆಯವರಿಗೇ ಹೇಳಿ, ಆರಿಸಿದವರಿಗೆ ಆ ಹೊಣೆ ಒಪ್ಪಿಸಿದರು. ಏಳೂ ಗ್ರೀಕ್ ಹೆಸರುಗಳು, ಬಹುಶಃ ದೂರು ಕೊಟ್ಟ ಗುಂಪಿನವರೇ! ನಿಮ್ಮಲ್ಲೂ ಯಾರನ್ನು ಕಡೆಗಣಿಸಲಾಗುತ್ತಿದೆ ಎಂಬುದು ಅಂಥವರಿಗೇ ಬೇಗ ಕಾಣುತ್ತದೆ. ನಿರ್ಧಾರ ಮಾಡುವ ಜಾಗದಲ್ಲಿ ಅವರನ್ನು ಕೂರಿಸಿ.

ಹೊಸಬರೊಬ್ಬರು ಬಂದರೆ ಇಬ್ಬರಿಗೆ ಅವರ ಜವಾಬ್ದಾರಿ ಕೊಡಿ. ಒಂದು ವಾರದೊಳಗೆ ಅವರನ್ನು ಭೇಟಿಯಾಗಬೇಕು, ತಿಂಗಳೊಳಗೆ ಎಂಟು-ಹತ್ತು ಜನರ ಗುಂಪಿಗೆ ಸೇರಿಸಬೇಕು. ಹನ್ನೆರಡು ದಾಟಿದರೆ ಗುಂಪನ್ನು ಎರಡು ಮಾಡಿ. ಇಲ್ಲವಾದರೆ ನಾಲ್ವರು ಮಾತನಾಡುತ್ತಾರೆ, ಉಳಿದವರು ಕೇಳುಗರಾಗುತ್ತಾರೆ. ಮೂರು ತಿಂಗಳಲ್ಲಿ ಸಣ್ಣದಾದರೂ ಒಂದು ಕೆಲಸ ಅವರ ಕೈಗೆ ಬರಲಿ.

ನೇರಪ್ರಸಾರದಲ್ಲಿ ಪ್ರಸಂಗ ಕೇಳಬಹುದು. ಆದರೆ ನೋಡುವವರು ಅಳುತ್ತಿದ್ದರೆ ಪರದೆಗೆ ಗೊತ್ತಾಗದು. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಆಸರೆ, ನಿಜ. ಅಷ್ಟಕ್ಕೇ ಅವರನ್ನು ಬಿಟ್ಟುಬಿಡಬೇಡಿ. 2ನೇ ಶತಮಾನದ ರೋಮಿನ ಆರಾಧನೆಯನ್ನು ವಿವರಿಸುತ್ತ ಆ ಕಾಲದ ಕ್ರೈಸ್ತ ಲೇಖಕ ಹುತಾತ್ಮ ಜಸ್ಟಿನ್, ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸದಲ್ಲಿ ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೇ ಒಯ್ಯುತ್ತಿದ್ದರು ಎಂದು ಬರೆದಿದ್ದಾನೆ. ನಿಮ್ಮ ನೇರಪ್ರಸಾರದ ಪಟ್ಟಿಯಲ್ಲಿ ಅಂಥವರ ಹೆಸರನ್ನು ಬೇರೆಯಾಗಿ ಬರೆದಿಟ್ಟು, ಮುಂದಿನ ಕರ್ತನ ಭೋಜನದ ದಿನವೇ ಯಾರು ಯಾರ ಮನೆಗೆ ಹೋಗಬೇಕೆಂದು ಗೊತ್ತುಮಾಡಿ.