ಬಾಹುಬಲಿ ನೋಡಿದ ಮೇಲೆ ಮಯೂರ ಸಪ್ಪೆಯಾ?

ಬಾಹುಬಲಿ ನೋಡಿದ ಮೇಲೆ 1975ರ ‘ಮಯೂರ’ ಸಪ್ಪೆ ಅನ್ನಿಸಿತು, ತಪ್ಪು ನನ್ನದಾ ಅಂತ ಕೇಳಿದ್ದೀರಿ. ತಪ್ಪೇನಿಲ್ಲ ಬಿಡಿ. ಯುದ್ಧದ ದೃಶ್ಯಗಳು ಈಗ ಸಣ್ಣವಾಗೇ ಕಾಣುತ್ತವೆ. ಆಗ ಗ್ರಾಫಿಕ್ಸ್ ಎಲ್ಲಿತ್ತು? ಎಷ್ಟು ಕುದುರೆ ತಂದರೋ ಅಷ್ಟೇ ಸೈನ್ಯ.

ಆದರೆ ಬಾಹುಬಲಿ ಕಟ್ಟುಕಥೆ. ‘ಮಯೂರ’ದ ನಾಯಕ, ಕದಂಬ ರಾಜ ಮಯೂರಶರ್ಮ ನಿಜವಾಗಿ ಇದ್ದವನು, ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದವನು. ಓದಲು ಕಂಚಿಗೆ ಹೋದವನು, ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಕತ್ತಿ ಹಿಡಿದ. ಈ ಕಥೆ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಶಾಸನದಲ್ಲೇ ಇದೆ. ಶಿವಮೊಗ್ಗದ ಕಡೆಯವರಾದರೆ ಒಂದು ಭಾನುವಾರ ಹೋಗಿ ಬನ್ನಿ.

ಆಮೇಲೆ ಸಿನಿಮಾ ಇನ್ನೊಮ್ಮೆ ಹಾಕಿ. ಸೆಟ್ ಬಿಡಿ, ರಾಜ್‌ಕುಮಾರ್ ಮಾತು ಕೇಳಿ. ಅವಮಾನ ನುಂಗಿದ ಹುಡುಗ ರಾಜನಾಗುವುದು ಅಲ್ಲಿ ಧ್ವನಿಯಲ್ಲೇ ಗೊತ್ತಾಗುತ್ತದೆ. ಹಾಡುಗಳನ್ನು ಮಾತ್ರ ಮುಂದಕ್ಕೆ ಓಡಿಸಬೇಡಿ, ನಮ್ಮಮ್ಮ ಬೈತಾರೆ!