ಕೊನೆಯ ಚೌಕವನ್ನು ನಂಬಬೇಡಿ

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಜಗಳ ಆಡೋಣ ಅನ್ನಿಸಿತು. 1940-50ರ ಅಮೆರಿಕದ ಕ್ರೈಮ್ ಕಾಮಿಕ್ಸ್‌ಗಳ ಸ್ಕ್ಯಾನ್ ಪ್ರತಿಗಳು ಒಂದು ರಾಶಿ ಸಿಕ್ಕಿದವು, ಎಲ್ಲದರಲ್ಲೂ ಅದೇ ಕಥೆ, ಕೊಲೆಗಾರ ಮೆರೆಯುತ್ತಾನೆ, ಕೊನೆಗೆ ಗುಂಡಿಗೋ ವಿದ್ಯುತ್ ಕುರ್ಚಿಗೋ ಬಲಿಯಾಗುತ್ತಾನೆ, ಇದರಲ್ಲಿ ಏನಿದೆ ಅಂತ ಜನ ಈಗ ಹುಡುಕಿ ಹುಡುಕಿ ಓದುತ್ತಿದ್ದಾರೆ ಅಂತ ಕೇಳಿದ್ದೀರಿ. ಇವು ನಿಜವಾಗಿಯೂ ಮಕ್ಕಳನ್ನು ಕೆಡಿಸಿದವಾ, ಓದಲೇಬೇಕು ಅಂದರೆ ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ.

ಕಥೆಗಳೆಲ್ಲ ಒಂದೇ ಥರ ಅನ್ನಿಸೋದು ನೀವು ಕೊನೆಯ ಚೌಕವನ್ನು, ಅಂದರೆ ಅಪರಾಧಿಗೆ ಶಿಕ್ಷೆಯಾಗಿ ಕಥೆ ಮುಗಿಯುವ ಆ ಚಿತ್ರವನ್ನು, ನಂಬಿದ್ದರಿಂದ. ಅದನ್ನು ಬರೆದದ್ದು ಓದುಗರಿಗಲ್ಲ. ಮಗನ ಕೈಯಿಂದ ಪುಸ್ತಕ ಕಿತ್ತುಕೊಂಡು ತಿರುವಿ ನೋಡುವ ಅಪ್ಪ ಅಮ್ಮನಿಗೆ, ಮೇಷ್ಟ್ರಿಗೆ, ಪಾದ್ರಿಗೆ. ಅದಕ್ಕಿಂತ ಮುಂಚಿನ ಪುಟಗಳಲ್ಲಿ ಅಪರಾಧಿ ದುಡ್ಡು ಮಾಡುತ್ತಾನೆ, ಒಳ್ಳೆ ಸೂಟು ಹಾಕುತ್ತಾನೆ, ಹೆದರಿಸುತ್ತಾನೆ, ಹೆದರುತ್ತಾನೆ. ಚಿತ್ರಕಾರ ಮನಸ್ಸಿಟ್ಟು ಬರೆದದ್ದು ಅಲ್ಲಿ. ಕೊನೆಯ ಚೌಕವನ್ನು ಬೆರಳಿನಿಂದ ಮುಚ್ಚಿಕೊಂಡು ಒಂದು ಸಲ ಓದಿ ನೋಡಿ, ಬೇರೆಯೇ ಕಥೆ ಕಾಣುತ್ತದೆ.

ನಿಮ್ಮ ರಾಶಿಯಲ್ಲಿ ಬಹುಶಃ ‘ಕ್ರೈಮ್ ಡಸ್ ನಾಟ್ ಪೇ’ (ಅಪರಾಧದಿಂದ ಲಾಭವಿಲ್ಲ ಅಂತ ಅರ್ಥ) ಇದ್ದೇ ಇರುತ್ತದೆ. ಈ ಇಡೀ ಗಲಾಟೆಗೆ ಅದೇ ಮೂಲ. ಪತ್ತೇದಾರಿ ಕಾಮಿಕ್ಸ್ ಅದಕ್ಕಿಂತ ಮೊದಲೂ ಇದ್ದವು. ಚೆಸ್ಟರ್ ಗೌಲ್ಡ್‌ನ ಡಿಕ್ ಟ್ರೇಸಿ 1931ರಿಂದ ಪತ್ರಿಕೆಗಳಲ್ಲಿ ಬರುತ್ತಿದ್ದ. 1937ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ ಶುರುವಾಯಿತು, ಎರಡು ವರ್ಷದಲ್ಲೇ ಅದಕ್ಕೆ ಬ್ಯಾಟ್‌ಮ್ಯಾನ್ ಬಂದ, ಪತ್ತೇದಾರರು ಹಿಂದೆ ಸರಿದರು. ಆದರೆ ಅಪರಾಧಿಯನ್ನೇ ನಡುವೆ ನಿಲ್ಲಿಸಿ ಯಶಸ್ಸು ಕಂಡದ್ದು 1942ರಲ್ಲಿ, ಲೆವ್ ಗ್ಲೀಸನ್ ಎಂಬ ಪ್ರಕಾಶಕನ ಬಳಿ, ಚಾರ್ಲ್ಸ್ ಬಿರೋ ಮತ್ತು ಬಾಬ್ ವುಡ್ ಎಂಬ ಇಬ್ಬರು ಸಂಪಾದಕರ ಕೈಯಲ್ಲಿ. ಅಂದ ಹಾಗೆ, ಇದರ ಮೊದಲ ಸಂಚಿಕೆ ಹುಡುಕಿ ಸುಸ್ತಾಗಬೇಡಿ. ಇದು ಶುರುವಾಗುವುದೇ 22ನೇ ಸಂಚಿಕೆಯಿಂದ. ‘ಸಿಲ್ವರ್ ಸ್ಟ್ರೀಕ್’ ಅಂತ ಇದ್ದ ಹಳೆಯ ಪುಸ್ತಕದ ಹೆಸರು ಬದಲಿಸಿ ಸಂಖ್ಯೆಯನ್ನು ಹಾಗೇ ಮುಂದುವರಿಸಿದರು.

ಮುಖಪುಟ ನೋಡಿದ್ದೀರಲ್ವಾ? ‘ಕ್ರೈಮ್’ ಅನ್ನುವ ಅಕ್ಷರಗಳು ದೂರದಿಂದಲೇ ಕಾಣುವಷ್ಟು ದೊಡ್ಡದು. ಉಳಿದ ‘ಡಸ್ ನಾಟ್ ಪೇ’ ಅದರ ಕೆಳಗೆ ಚಿಕ್ಕದಾಗಿ, ಕಾನೂನಿನ ಕಾಟಕ್ಕೆ ಅಂಟಿಸಿದ ಚೀಟಿಯ ಹಾಗೆ. ಒಳಗೆ ಕಥೆ ಹೇಳುವವನು ಮಿಸ್ಟರ್ ಕ್ರೈಮ್. ಉದ್ದ ಟೋಪಿ ಹಾಕಿದ ಭೂತ. ಯಾರಿಗೂ ಕಾಣದೆ ಅಪರಾಧಿಯ ಹೆಗಲ ಮೇಲಿಂದ ಇಣುಕಿ ಕಿವಿಗೆ ಊದುತ್ತಾನೆ, ಸಿಕ್ಕಿಬಿದ್ದಾಗ ಗೇಲಿ ಮಾಡುತ್ತಾನೆ. ನನಗೆ ಈ ಪಾತ್ರ ತುಂಬಾ ಇಷ್ಟ. ಪುಸ್ತಕದ ಎರಡು ನಾಲಿಗೆಯೂ ಅವನ ಬಾಯಲ್ಲೇ ಇವೆ.

ಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಮಾರಾಟ ಬಿತ್ತು. ಕ್ರೈಮ್ ಓಡುತ್ತಿದೆ ಅಂತ ಗೊತ್ತಾದದ್ದೇ ತಡ, 1947-48ರ ಹೊತ್ತಿಗೆ ಪ್ರಕಾಶಕರೆಲ್ಲ ಆ ಕಡೆ ಹಾರಿದರು. ಕ್ಯಾಪ್ಟನ್ ಅಮೆರಿಕವನ್ನು ಹುಟ್ಟುಹಾಕಿದ ಜೋ ಸೈಮನ್, ಜ್ಯಾಕ್ ಕರ್ಬಿ ಕೂಡ ‘ಜಸ್ಟಿಸ್ ಟ್ರ್ಯಾಪ್ಸ್ ದಿ ಗಿಲ್ಟಿ’ ಅಂತ ಶುರು ಮಾಡಿದರು. ಇದರಲ್ಲಿ ಕಸ ಜಾಸ್ತಿ, ಅದನ್ನು ಒಪ್ಪುತ್ತೇನೆ. ಗಡಿಬಿಡಿಯಲ್ಲಿ ಬರೆದ ಚಿತ್ರಗಳು, ಹಿನ್ನೆಲೆಯೇ ಇಲ್ಲದ ಚೌಕಗಳು, ಅಳುವುದಕ್ಕೆ ಮಾತ್ರ ಇರುವ ಹೆಂಗಸರು. ನಡುವೆ ಬರುವ ಎರಡು ಪುಟದ ಗದ್ಯ ಕಥೆಗಳನ್ನಂತೂ ಧಾರಾಳವಾಗಿ ಬಿಡಿ. ಅಂಚೆ ರಿಯಾಯಿತಿ ಸಿಗಬೇಕಾದರೆ ಒಂದಿಷ್ಟು ಬರೀ ಅಕ್ಷರದ ಪುಟ ಇರಬೇಕು ಅಂತ ನಿಯಮ ಇತ್ತು, ಅದಕ್ಕೆ ತುರುಕಿದ್ದು.

ಆದರೆ ಆ ರಾಶಿಯೊಳಗೇ ಜ್ಯಾಕ್ ಕೋಲ್ ಸಿಗುತ್ತಾನೆ. ಪ್ಲಾಸ್ಟಿಕ್ ಮ್ಯಾನ್ ಬರೆದು ಜನರನ್ನು ನಗಿಸಿದವನು ಇವನೇ. 1947ರಲ್ಲಿ ‘ಟ್ರೂ ಕ್ರೈಮ್ ಕಾಮಿಕ್ಸ್’‌ಗೆ ‘ಮರ್ಡರ್, ಮಾರ್ಫೀನ್ ಅಂಡ್ ಮಿ’ ಅಂತ ಒಂದು ಕಥೆ ಮಾಡಿದ. ಮಾದಕ ವಸ್ತುವಿನ ದಂಧೆಗೆ ಬಿದ್ದ ಒಬ್ಬ ಹೆಂಗಸಿನ ಬಾಯಲ್ಲೇ ಕಥೆ. ಅದರಲ್ಲಿ ಒಂದು ಚೌಕ ಇದೆ, ಇಂಜೆಕ್ಷನ್ ಸೂಜಿ ಅವಳ ತೆರೆದ ಕಣ್ಣಿನ ಹತ್ತಿರ ಬರುತ್ತದೆ. ಕಥೆಯಲ್ಲಿ ಅದು ಕೆಟ್ಟ ಕನಸು. ಕಥೆ ಬಿಟ್ಟು ಆ ಒಂದು ಚೌಕವನ್ನು ಮಾತ್ರ ಕತ್ತರಿಸಿ ತೋರಿಸಿದರೆ ಯಾರೇ ಆಗಲಿ ಹೌಹಾರುತ್ತಾರೆ. ಡಾಕ್ಟರ್ ಫ್ರೆಡ್ರಿಕ್ ವರ್ಥಮ್ ಮಾಡಿದ್ದು ಅದನ್ನೇ.

ಇಲ್ಲಿ ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ವರ್ಥಮ್ ನ್ಯೂಯಾರ್ಕಿನ ಮನೋವೈದ್ಯ. ಮಕ್ಕಳ ಅಪರಾಧಗಳಿಗೆ ಕಾಮಿಕ್ಸ್ ಕಾರಣ ಅಂತ 1954ರಲ್ಲಿ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ ಎಂಬ ಪುಸ್ತಕ ಬರೆದರು. ಅವರ ಕಾಗದ ಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಓದಲು ಸಿಕ್ಕ ಮೇಲೆ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಕೂತು ಹೋಲಿಸಿ ನೋಡಿದರು. ಮಕ್ಕಳ ಮಾತನ್ನು ವರ್ಥಮ್ ತಿರುಚಿದ್ದರು, ಮನೆಯ ಹಿಂಸೆಯಂಥ ಬೇರೆ ಕಾರಣಗಳನ್ನು ಬಿಟ್ಟಿದ್ದರು ಅಂತ 2012ರಲ್ಲಿ ತೋರಿಸಿದರು. ಹಾಗಂತ ವರ್ಥಮ್ ಅವರನ್ನು ಸುಮ್ನೆ ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ ಕ್ಲಿನಿಕ್ ನಡೆಸಿದ ಮನುಷ್ಯ ಅವರು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು. ಕಾಮಿಕ್ಸ್‌ನಲ್ಲಿದ್ದ ಜನಾಂಗೀಯ ಗೇಲಿ ಅವರ ಕಣ್ಣಿಗೆ ಬಿದ್ದಿತ್ತು, ಅದು ಸುಳ್ಳಲ್ಲ. ಆದರೆ ಕಾಮಿಕ್ಸ್ ಓದಿ ಕಳ್ಳರಾದರು ಅನ್ನುವ ವಾದ ನಿಲ್ಲುವುದಿಲ್ಲ.

ಅಷ್ಟರಲ್ಲಿ ಊರೂರಲ್ಲಿ ಬೆಂಕಿ ಹಚ್ಚಿಯಾಗಿತ್ತು. 1948ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಮಕ್ಕಳ ಕೈಯಲ್ಲೇ ಕಾಮಿಕ್ಸ್ ರಾಶಿ ಹಾಕಿಸಿ ಸುಟ್ಟರು. ನಾಜಿಗಳು ಪುಸ್ತಕ ಸುಟ್ಟಿದ್ದನ್ನು ಬೈದು ಯುದ್ಧ ಮಾಡಿದ ದೇಶ, ಯುದ್ಧ ಮುಗಿದು ಮೂರೇ ವರ್ಷಕ್ಕೆ! ಕೆನಡಾ 1949ರಲ್ಲಿ ಕ್ರೈಮ್ ಕಾಮಿಕ್ಸ್ ಮುದ್ರಿಸುವುದು, ಮಾರುವುದೇ ಅಪರಾಧ ಅಂತ ಕಾನೂನು ತಂದಿತು. ಆ ಕಾನೂನು ತೆಗೆದದ್ದು 2018ರಲ್ಲಿ.

ಅಮೆರಿಕದಲ್ಲಿ ಕಥೆ ಮುಗಿದದ್ದು 1954ರ ಏಪ್ರಿಲ್‌ನಲ್ಲಿ, ಮಕ್ಕಳ ಅಪರಾಧಗಳ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಸೆನೆಟ್ ಉಪಸಮಿತಿಯ ಮುಂದೆ. ಇ.ಸಿ. ಕಾಮಿಕ್ಸ್‌ನ ಪ್ರಕಾಶಕ ಬಿಲ್ ಗೇನ್ಸ್ ತಾನಾಗಿಯೇ ಹೋಗಿ ಕೂತ. ‘ಕ್ರೈಮ್ ಸಸ್ಪೆನ್ಸ್‌ಸ್ಟೋರೀಸ್’ನ 22ನೇ ಸಂಚಿಕೆ ಎತ್ತಿ ಹಿಡಿದರು. ಮುಖಪುಟದಲ್ಲಿ ಒಬ್ಬನ ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕತ್ತರಿಸಿದ ತಲೆ. ಇದು ಸಭ್ಯವಾ ಅಂತ ಸೆನೆಟರ್ ಕೀಫೋವರ್ ಕೇಳಿದರು. ಹಾರರ್ ಪುಸ್ತಕದ ಮುಖಪುಟಕ್ಕೆ ಸಭ್ಯವೇ, ತಲೆಯನ್ನು ಇನ್ನೂ ಸ್ವಲ್ಪ ಮೇಲೆತ್ತಿ ಕುತ್ತಿಗೆಯ ರಕ್ತ ತೋರಿಸಿದ್ದರೆ ಅಸಭ್ಯ ಆಗುತ್ತಿತ್ತು ಅಂತ ಗೇನ್ಸ್ ಹೇಳಿಬಿಟ್ಟ. ಪ್ರಾಮಾಣಿಕ ಉತ್ತರವೇ. ಆದರೆ ಮರುದಿನದ ಪತ್ರಿಕೆಗಳಿಗೆ ಅದಕ್ಕಿಂತ ಜಾಸ್ತಿ ಏನೂ ಬೇಕಿರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ಮಾಡಿಕೊಂಡರು. ಪೊಲೀಸರನ್ನೋ ಜಡ್ಜನ್ನೋ ಹಗುರ ಮಾಡುವ ಹಾಗಿಲ್ಲ, ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು. ಶೀರ್ಷಿಕೆಯಲ್ಲಿ ‘ಕ್ರೈಮ್’ ಅನ್ನುವ ಪದ ಉಳಿದ ಪದಗಳಿಗಿಂತ ದೊಡ್ಡದಾಗಿ ಇರಬಾರದು! ಅದು ಯಾರನ್ನು ನೋಡಿ ಬರೆದ ನಿಯಮ ಅಂತ ಹೇಳಬೇಕಿಲ್ಲ.

1958ರಲ್ಲಿ ‘ಕ್ರೈಮ್ ಡಸ್ ನಾಟ್ ಪೇ’ ಸಂಪಾದಕರಲ್ಲಿ ಒಬ್ಬನಾಗಿದ್ದ ಬಾಬ್ ವುಡ್ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬ ಹೆಂಗಸನ್ನು ಕೊಂದು ಜೈಲಿಗೆ ಹೋದ. ಈ ವಿಷಯ ಬಂದಾಗೆಲ್ಲ ಜನ ಇದನ್ನು ರಸವತ್ತಾಗಿ ಹೇಳುತ್ತಾರೆ, ನೋಡಿ ಕ್ರೈಮ್ ಕಾಮಿಕ್ಸ್‌ನವನೇ ಅಂತ. ನನಗೆ ಅದು ಹಿಡಿಸುವುದಿಲ್ಲ. ಸತ್ತವಳ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಇವು ನಿಮ್ಮ ಕೈಗೆ ಬಂದದ್ದು ಹೇಗೆ? ಯಾರಿಗೂ ಬೇಡವಾದದ್ದರಿಂದ. ಕಾಗದ ಅಗ್ಗದ ನ್ಯೂಸ್‌ಪ್ರಿಂಟ್, ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ. ಯುದ್ಧಕಾಲದಲ್ಲಿ ಎಷ್ಟೋ ಪ್ರತಿಗಳು ರದ್ದಿ ಸಂಗ್ರಹಕ್ಕೆ ಹೋದವು. ಆದರೆ ಅಮೆರಿಕದಲ್ಲಿ ಆಗಿನ ಕಾನೂನಿನ ಪ್ರಕಾರ 28 ವರ್ಷಕ್ಕೆ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. ಅಂಗಡಿ ಮುಚ್ಚಿಕೊಂಡು ಹೋದ ಪ್ರಕಾಶಕರು ಎಲ್ಲಿ ನವೀಕರಿಸುತ್ತಾರೆ? ಗ್ಲೀಸನ್‌ನ ಪುಸ್ತಕಗಳು ಹಾಗೆ ಎಲ್ಲರ ಸ್ವತ್ತಾದವು. ಸಂಗ್ರಾಹಕರು ಸ್ಕ್ಯಾನ್ ಮಾಡಿ ಡಿಜಿಟಲ್ ಕಾಮಿಕ್ ಮ್ಯೂಸಿಯಂನಂಥ ಕಡೆ ಹಾಕಿದ್ದಾರೆ. ಇ.ಸಿ.ಯವು ಮಾತ್ರ ಹಾಗಲ್ಲ, ಮರುಮುದ್ರಣ ಕೊಂಡೇ ಓದಬೇಕು. ಕೊಳ್ಳುವಾಗ ಹೊಳೆಯುವ ಕಾಗದದಲ್ಲಿ ಕಂಪ್ಯೂಟರ್ ಬಣ್ಣ ಬಳಿದದ್ದನ್ನು ಬಿಟ್ಟು ಕಪ್ಪು ಬಿಳುಪು ತಗೊಳ್ಳಿ. ಇ.ಸಿ. ಚಿತ್ರಕಾರ ಜಾನಿ ಕ್ರೇಗ್‌ನ ನೆರಳು ಅದರಲ್ಲೇ ಚೆನ್ನ.

ಶುರು ಮಾಡಲು ನಾನು ವಿಲ್ ಐಸ್ನರ್‌ನ ‘ದಿ ಸ್ಪಿರಿಟ್’ ಹೇಳುತ್ತೇನೆ. 1940ರಿಂದ ಭಾನುವಾರದ ಪತ್ರಿಕೆ ಜೊತೆ ಬರುತ್ತಿತ್ತು. ಏಳೇ ಪುಟದಲ್ಲಿ ಒಂದು ಪೂರ್ತಿ ಕಥೆ, ಶೀರ್ಷಿಕೆಯೇ ಕಟ್ಟಡವಾಗಿ ನಿಲ್ಲುವ ಮೊದಲ ಪುಟ, ಮಳೆ, ಚರಂಡಿ, ಮೆಟ್ಟಿಲು. ಅದರಲ್ಲಿರುವ ಕಪ್ಪು ಹುಡುಗ ಎಬನಿಯನ್ನು ಬರೆದ ರೀತಿ ಈಗ ನೋಡಲು ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ 1950ರ ‘ಇಟ್ ರೈಮ್ಸ್ ವಿತ್ ಲಸ್ಟ್’. ಚಿತ್ರ ಮ್ಯಾಟ್ ಬೇಕರ್ ಅವರದು. ಆ ಕಾಲದ ಕಾಮಿಕ್ಸ್‌ನಲ್ಲಿ ಹೆಸರು ಮಾಡಿದ ಕೆಲವೇ ಕಪ್ಪು ಕಲಾವಿದರಲ್ಲಿ ಒಬ್ಬರು, 37ನೇ ವಯಸ್ಸಿಗೇ ತೀರಿಕೊಂಡರು. ಒಂದು ಊರನ್ನೇ ಮುಷ್ಟಿಯಲ್ಲಿ ಇಟ್ಟುಕೊಳ್ಳಲು ಹೊರಟ ವಿಧವೆಯ ಕಥೆ ಅದು, ಅವಳು ಅಳುತ್ತಾ ಕೂರುವವಳಲ್ಲ.

ಕೊನೆಗೆ ನಿಮ್ಮ ರಾಶಿಗೆ ವಾಪಸ್ ಹೋಗಿ. ‘ಕ್ರೈಮ್ ಡಸ್ ನಾಟ್ ಪೇ’ 1955ರಲ್ಲಿ 147ನೇ ಸಂಚಿಕೆಗೆ ನಿಂತಿತು. ಕೊನೆಯ ಸಂಚಿಕೆಗಳ ಮುಖಪುಟದ ಮೂಲೆಯಲ್ಲಿ ಕೋಡ್‌ನ ಮುದ್ರೆ ಇರುತ್ತದೆ. ಅಂಥದ್ದೊಂದನ್ನೂ 1948ರ ಆಸುಪಾಸಿನದೊಂದನ್ನೂ ಪಕ್ಕಪಕ್ಕ ಇಟ್ಟು ಓದಿ, ಯಾವುದು ಬೇಜಾರು ಅನ್ನಿಸಿತು ಅಂತ ನಮಗೆ ಬರೆಯಿರಿ. ಚಿತ್ರಕಾರರ ಹೆಸರಿಲ್ಲದ ಕಥೆ ಇಷ್ಟವಾದರೆ ಸಂಚಿಕೆ ಸಂಖ್ಯೆ, ಪುಟ ಸಂಖ್ಯೆ ಎರಡನ್ನೂ ತಿಳಿಸಿ. ಚಿತ್ರದ ಗೆರೆ ನೋಡಿ ಗುರುತು ಹಿಡಿಯುವವರು ನಮ್ಮ ಓದುಗರಲ್ಲೇ ಇದ್ದಾರೆ.

— ಸಂ.