ಲಾಸ್ ಏಂಜಲಿಸ್‌ನ ಹೊಗೆ, ರಿವರ್‌ಸೈಡ್‌ನ ಓಜೋನ್

ಪತ್ರದ ಸಾರ: ಮಗಳ ಸಂಸಾರ ಲಾಸ್ ಏಂಜಲಿಸ್‌ನ ವಾಹನ ದಟ್ಟಣೆ ಬೇಡವೆಂದು ಪೂರ್ವದ ರಿವರ್‌ಸೈಡ್‌ಗೆ ಮನೆ ಬದಲಿಸಿದೆ. ಆದರೆ ಬೇಸಿಗೆಯ ಮಧ್ಯಾಹ್ನ ಮೊಬೈಲಿನಲ್ಲಿ ಓಜೋನ್ ಮಟ್ಟ ನಗರದ ನಡುವಿಗಿಂತ ಅಲ್ಲೇ ಹೆಚ್ಚು ತೋರಿಸುತ್ತದೆ. ಮಾಪಕ ಕೆಟ್ಟಿದೆಯೇ? ಮೊಮ್ಮಗನಿಗೆ ಉಬ್ಬಸವಿದೆ, ಏನು ಮಾಡಬೇಕು?

ಸಂಪಾದಕರ ಉತ್ತರ: ಮಾಪಕ ಸರಿಯಾಗಿಯೇ ಇದೆ. ನೆಲದ ಬಳಿ ಉಸಿರಾಟಕ್ಕೆ ಕೆಡುಕಾದ ಈ ಅನಿಲ, ಓಜೋನ್, ಯಾವ ವಾಹನದಿಂದಲೂ ನೇರವಾಗಿ ಹೊರಬರುವುದಿಲ್ಲ. ಹೊಗೆ ಗಾಳಿಯಲ್ಲಿ ಸಾಗುತ್ತಿರುವಾಗ ಬಿಸಿಲಿನಲ್ಲಿ ಹುಟ್ಟುತ್ತದೆ.

ಎಂಜಿನ್ನಿನ ಕಾವಿನಲ್ಲಿ ನೈಟ್ರಿಕ್ ಆಕ್ಸೈಡ್ ಉಂಟಾಗಿ, ಹೊರಗೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಸೂರ್ಯನ ಬೆಳಕು ಅದನ್ನು ಒಡೆದಾಗ ಬಿಡುಗಡೆಯಾಗುವ ಒಂಟಿ ಆಮ್ಲಜನಕ ಪರಮಾಣು ಗಾಳಿಯ ಆಮ್ಲಜನಕದೊಡನೆ ಸೇರಿ ಓಜೋನ್ ಆಗುತ್ತದೆ. ಜೊತೆಗೇ ಉಳಿದ ನೈಟ್ರಿಕ್ ಆಕ್ಸೈಡ್ ಆ ಓಜೋನನ್ನು ಮತ್ತೆ ತಿಂದುಹಾಕುತ್ತದೆ. ಇಷ್ಟೇ ನಡೆದರೆ ಓಜೋನ್ ಹೆಚ್ಚು ಕೂಡಿಕೊಳ್ಳುವುದಿಲ್ಲ. ಪೆಟ್ರೋಲ್, ಬಣ್ಣ, ದ್ರಾವಕಗಳ ಆವಿ ಸೇರಿದಾಗ ಲೆಕ್ಕ ತಪ್ಪುತ್ತದೆ: ಬಿಸಿಲಿನಲ್ಲಿ ಅವುಗಳಿಂದ ಹುಟ್ಟುವ ರಾಡಿಕಲ್‌ಗಳೆಂಬ ಚುರುಕು ಕಣಗಳು ಓಜೋನನ್ನು ಮುಟ್ಟದೆಯೇ ನೈಟ್ರಿಕ್ ಆಕ್ಸೈಡನ್ನು ಮತ್ತೆ ಡೈಆಕ್ಸೈಡ್ ಮಾಡುತ್ತವೆ. ಓಜೋನ್ ಉಳಿದು ಬೆಳೆಯುತ್ತದೆ. ಈ ನಂಟನ್ನು 1950ರ ದಶಕದ ಆರಂಭದಲ್ಲಿ ತೋರಿಸಿದವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ರಸಾಯನಜ್ಞ ಆರಿ ಹಾಗೆನ್-ಸ್ಮಿಟ್.

ಹೆದ್ದಾರಿಯ ಪಕ್ಕದಲ್ಲಿ ಹೊಸ ಹೊಗೆಯ ನೈಟ್ರಿಕ್ ಆಕ್ಸೈಡ್ ಧಾರಾಳವಾಗಿರುವುದರಿಂದ ಓಜೋನ್ ಅಂಕಿ ತಗ್ಗಿರುತ್ತದೆ. ಅಲ್ಲಿನ ಗಾಳಿ ಶುದ್ಧವೆಂದು ದಯವಿಟ್ಟು ತಿಳಿಯಬೇಡಿ. ಮಸಿ, ನೈಟ್ರೋಜನ್ ಡೈಆಕ್ಸೈಡ್ ಅಲ್ಲೇ ಜಾಸ್ತಿ. ಲಾರಿಗಳ ಓಡಾಟ ಇಳಿಯುವ ವಾರಾಂತ್ಯದಲ್ಲಿ ಅಲ್ಲಿನ ಓಜೋನ್ ಏರಿದ್ದೂ ಇದೇ ಕಾರಣಕ್ಕೆ.

ಇನ್ನು ಪಯಣ. ಬೆಳಗಿನ ಹೊಗೆಯನ್ನು ಕಡಲಗಾಳಿ ಪೂರ್ವಕ್ಕೆ ತಳ್ಳುತ್ತದೆ. ಉತ್ತರದಲ್ಲೂ ಪೂರ್ವದಲ್ಲೂ ಬೆಟ್ಟಸಾಲು. ಮೇಲೆ ಬೆಚ್ಚನೆಯ ಗಾಳಿಯ ಪದರ ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ಹಲವು ಗಂಟೆ ಬಿಸಿಲುಂಡ ಆ ಗಾಳಿ ರಿವರ್‌ಸೈಡ್ ತಲುಪುವ ಹೊತ್ತಿಗೆ ಓಜೋನ್ ಬಲಿತಿರುತ್ತದೆ. ಅದು ಸ್ಯಾನ್ ಬರ್ನಾರ್ಡಿನೋ ಬೆಟ್ಟಗಳನ್ನೂ ಏರಿ ಅಲ್ಲಿನ ಪಾಂಡೆರೋಸಾ ಪೈನ್ ಮರಗಳ ಸೂಜಿಯೆಲೆಗಳನ್ನು ಹಳದಿಯಾಗಿಸಿದೆ. ರಾತ್ರಿ ನೆಲದ ಬಳಿ ಓಜೋನ್ ಕರಗಿದರೂ ಕೆಲವು ನೂರು ಮೀಟರ್ ಮೇಲೆ ಉಳಿದುಕೊಂಡು, ಮರುದಿನ ನೆಲ ಕಾದಾಗ ಕೆಳಗಿಳಿದು ಬೆರೆಯುತ್ತದೆ. ಹಾಗಾಗಿ ಬಿಸಿಗಾಳಿಯ ಎರಡನೇ, ಮೂರನೇ ದಿನ ಮೊದಲ ದಿನಕ್ಕಿಂತ ಕೆಟ್ಟದಾಗಬಹುದು.

ಅಮೆರಿಕದ ಮಿತಿ 8 ಗಂಟೆಯ ಸರಾಸರಿಯಲ್ಲಿ ನೂರು ಕೋಟಿಗೆ 70 ಭಾಗ. ಭಾರತದ್ದು ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದರೆ ನೂರು ಕೋಟಿಗೆ ಸುಮಾರು 50 ಭಾಗ. ಮೊಬೈಲಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 100 ದಾಟಿ ಕಿತ್ತಳೆ ಬಣ್ಣ ಬಂದರೆ ಉಬ್ಬಸದ ಮಕ್ಕಳಿಗೆ ಅದೇ ಎಚ್ಚರಿಕೆ, ಕೆಂಪಿಗೆ ಕಾಯಬಾರದು. ಅಂಥ ದಿನ ಮೊಮ್ಮಗನ ಓಟ, ಸೈಕಲ್ ಎಲ್ಲ ಬೆಳಿಗ್ಗೆ 10ರೊಳಗೆ ಮುಗಿಯಲಿ. ಮಧ್ಯಾಹ್ನದಿಂದ ಸಂಜೆ 6–7ರವರೆಗೆ ಕಿಟಕಿ ಮುಚ್ಚಿದರೆ ಒಳಗಿನ ಓಜೋನ್ ಸಾಮಾನ್ಯವಾಗಿ ಹೊರಗಿನ ಅರ್ಧಕ್ಕೂ ಕಡಿಮೆಯಿರುತ್ತದೆ. ಎನ್‌95 ಮಾಸ್ಕ್ ದೂಳು ತಡೆಯುತ್ತದೆ, ಈ ಅನಿಲವನ್ನು ತಡೆಯುವುದಿಲ್ಲ. ಸಣ್ಣ ದೂಳನ್ನು ಸೋಸುವ ಹೆಪಾ ಫಿಲ್ಟರ್ ಕೂಡ ಅಷ್ಟೇ. ಸಕ್ರಿಯ ಇಂಗಾಲದ ಫಿಲ್ಟರ್ ಇದ್ದರೆ ಪ್ರಯೋಜನವುಂಟು. ಗಾಳಿ ಶುದ್ಧಿಗೆಂದು ಮಾರುವ ಓಜೋನ್ ಉತ್ಪಾದಕ ಯಂತ್ರವನ್ನಂತೂ ಮನೆಗೆ ತರಲೇಬೇಡಿ. ವೈದ್ಯರು ಹೇಳಿದ ಇನ್‌ಹೇಲರ್ ಮಗುವಿನ ಕೈಗೆಟಕುವಲ್ಲೇ ಇರಲಿ. ಮಗಳಿಗೆ ಇನ್ನೊಂದು ಮಾತು ಹೇಳಿ: ಕಾರಿಗೆ ಪೆಟ್ರೋಲ್ ತುಂಬಿಸುವುದನ್ನು ಸೂರ್ಯ ಮುಳುಗಿದ ಮೇಲೆ ಇಟ್ಟುಕೊಂಡರೆ, ಆ ಆವಿ ಅಂದಿನ ಬಿಸಿಲಿಗೆ ಸಿಗುವುದಿಲ್ಲ.